ಬಾಕ್ಸ್ ಬದಲಿಸದೆ ಜೀಪಿನ ಸ್ಟೀರಿಂಗ್ ಬಿಗಿ ಮಾಡಿದ್ದು

ಹಳೆಯ ಜೀಪು ಎಂದ ಮೇಲೆ ಸ್ಟೀರಿಂಗ್ ಸಡಿಲ ಇರುವುದೇ, ಹೊಂದಿಕೊಂಡು ಓಡಿಸಬೇಕು ಎನ್ನುವವರು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಜನ. ನನ್ನ ಹಳೆಯ ಸಿಜೆ-3ಬಿ ಜೀಪಿನಲ್ಲಿ ಸ್ಟೀರಿಂಗನ್ನು ಅಂಚಿನಲ್ಲಿ ನಾಲ್ಕು ಇಂಚಿನಷ್ಟು ತಿರುಗಿಸಿದ ಮೇಲೆಯೇ ಗಾಲಿ ಅಲುಗುತ್ತಿತ್ತು. ಧಾರವಾಡ ಬೈಪಾಸಿನಲ್ಲಿ ಎದುರಿನಿಂದ ಲಾರಿ ಹಾದುಹೋದರೆ ಅದರ ಗಾಳಿಗೇ ಗಾಡಿ ಪಕ್ಕಕ್ಕೆ ಸರಿಯುತ್ತಿತ್ತು. ಈಗ ಆ ಸಡಿಲಿಕೆ, ಅಂದರೆ ಪ್ಲೇ, ಒಂದು ಇಂಚಿಗಿಂತ ಕಡಿಮೆ. ಸ್ಟೀರಿಂಗಿನ ತಿರುವನ್ನು ಗಾಲಿಯ ಕಡೆಗೆ ದಾಟಿಸುವ ಬಾಕ್ಸ್ ಮಾತ್ರ ಅದೇ ಹಳೆಯ ರಾಸ್ ಬಾಕ್ಸ್.

ಗೋಕುಲ ರಸ್ತೆಯ ಕಡೆಯ ಒಬ್ಬ ಮಿಸ್ತ್ರಿ ಬಾನೆಟ್ ತೆಗೆಯುವ ಮೊದಲೇ ತೀರ್ಪು ಕೊಟ್ಟಿದ್ದರು: "ಬಾಕ್ಸ್ ಹೋಗಿದೆ ಸಾಹೇಬರೇ." ಬಾಕ್ಸಿಗೆ ಹದಿನಾಲ್ಕು ಸಾವಿರ, ಕೂಲಿ ಬೇರೆ. ಜೀಪ್ ಇಟ್ಟಿರುವ ಗೆಳೆಯರೊಬ್ಬರು ಮೂವತ್ತೈದು ಸಾವಿರ ಸುರಿದು ಪವರ್ ಸ್ಟೀರಿಂಗ್ ಹಾಕಿಸಿಬಿಡಿ ಎಂದರು. ಸಡಿಲ ಕೊಂಡಿಗಳ ಮೇಲೆ ಪವರ್ ಸ್ಟೀರಿಂಗ್ ಹಾಕಿದರೆ ಸಡಿಲಿಕೆ ಹಾಗೇ ಉಳಿಯುತ್ತದೆ, ತಿರುಗಿಸುವುದು ಹಗುರವಾಗುತ್ತದೆ ಅಷ್ಟೆ. ಬೇಡ ಎಂದೆ.

ಮಿಸ್ತ್ರಿ ಹೋಗುವಾಗ ಬಾಕ್ಸಿನ ಪಕ್ಕದ ಸ್ಕ್ರೂವನ್ನು ಒಂದು ಸುತ್ತು ಬಿಗಿದು ಹೋಗಿದ್ದರು. ಪ್ಲೇ ಅರ್ಧಕ್ಕೆ ಇಳಿಯಿತು. ಆದರೆ ಚೆನ್ನಮ್ಮ ವೃತ್ತದಲ್ಲಿ ತಿರುಗಿಸಿದರೆ ಸ್ಟೀರಿಂಗ್ ಹಿಡಿದುಕೊಳ್ಳುತ್ತಿತ್ತು, ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಬಾಕ್ಸಿನೊಳಗೆ ಸ್ಟೀರಿಂಗ್ ದಂಡದ ತುದಿಯಲ್ಲಿರುವ ತಿರುಪಿನಂಥ ಕ್ಯಾಮ್ ಯಾವಾಗಲೂ ನಡುವಿನಲ್ಲೇ ಹೆಚ್ಚು ಸವೆಯುತ್ತದೆ. ನಡುವಿನ ಸವೆತವನ್ನು ಸ್ಕ್ರೂವಿನಿಂದ ತುಂಬಿದರೆ ತುದಿಗಳಲ್ಲಿ ಕಚ್ಚುತ್ತದೆ. ಸ್ಕ್ರೂವನ್ನು ಮೊದಲಿದ್ದಲ್ಲಿಗೆ ಬಿಟ್ಟು, ಬಾಕ್ಸನ್ನು ಕೊನೆಗೆ ನೋಡೋಣ ಎಂದು ಗಾಲಿಯ ಕಡೆಯಿಂದ ಹೊರಟೆ.

ಅಣ್ಣನ ಮಗನನ್ನು ಸೀಟಿನಲ್ಲಿ ಕೂರಿಸಿ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸಲು ಹೇಳಿ ನಾನು ಕೆಳಗೆ ಮಲಗಿದೆ. ಒಂದೊಂದು ಕೀಲಿನ ಮೇಲೂ ಬೆರಳಿಟ್ಟರೆ ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ. "ಕಾಕಾ, ಇನ್ನೂ ಎಷ್ಟು ಹೊತ್ತು?" ಎಂದು ಅವನು ಗೊಣಗುವಷ್ಟರಲ್ಲಿ ಕಳ್ಳ ಸಿಕ್ಕಿದ್ದ. ಬಾಕ್ಸಿನಿಂದ ಹೊರಬರುವ ತೋಳಾದ ಪಿಟ್‌ಮನ್ ಆರ್ಮ್ ಅಲುಗಿದ ಕೂಡಲೇ, ಆ ಅಲುಗಾಟವನ್ನು ಎರಡೂ ಗಾಲಿಗಳ ಕಡೆಗೆ ದಾಟಿಸುವ ನಡುವಿನ ಬೆಲ್ ಕ್ರ್ಯಾಂಕ್ ತಿರುಗಬೇಕು. ಅದು ತಿರುಗುವ ಬದಲು ಮೊದಲು ಓರೆಯಾಗುತ್ತಿತ್ತು. ಬಿಚ್ಚಿ ನೋಡಿದರೆ ನೀಡಲ್ ಬೇರಿಂಗ್ ಪುಡಿ, ಪಿನ್ನಿನ ಒಂದೇ ಮಗ್ಗುಲು ಸವೆದು ಉಗುರಿಗೆ ಮೆಟ್ಟಿಲು ಸಿಗುತ್ತಿತ್ತು. ನವಲಗುಂದದ ಎರೆಹೊಲಗಳಲ್ಲಿ ಓಡಿದ ಗಾಡಿ ಅದು. ಎರೆಮಣ್ಣು ಒಳಗೆ ಹೊಕ್ಕರೆ ಗ್ರೀಸೇ ಅರೆಯುವ ಮಸಾಲೆಯಾಗುತ್ತದೆ. ಅಲ್ಲಿ ಒಂದು ಮಿಲಿಮೀಟರ್ ಸಡಿಲಿದ್ದರೆ ಸ್ಟೀರಿಂಗ್ ಅಂಚಿನಲ್ಲಿ ಸುಮಾರು ಮುಕ್ಕಾಲು ಇಂಚು. ಲೆಕ್ಕ ಹಾಕಿಕೊಳ್ಳಿ.

ಮೊದಲು ಅಗ್ಗದ ಪ್ರಯೋಗ: ಬೇರಿಂಗಿನ ಜಾಗಕ್ಕೆ ನೈಲಾನ್ ರಾಡಿನಿಂದ ಬುಷ್ (ಪಿನ್ ಸುತ್ತ ಕೂರುವ ಕೊಳವೆ) ಕಡೆಸಿದೆ, ಇನ್ನೂರು ರೂಪಾಯಿ. ಬೇಸಿಗೆಯಲ್ಲಿ ಬೆಣ್ಣೆಯ ಹಾಗೆ ನಡೆಯಿತು. ಮುಂಗಾರು ಹಿಡಿದ ಮೇಲೆ ನೈಲಾನ್ ನೀರು ಕುಡಿದು ಉಬ್ಬಿತು, ಸ್ಟೀರಿಂಗ್ ಕಲ್ಲಾಯಿತು. ನೈಲಾನ್ ಹಾಕಬೇಡಿ ಎಂದಿದ್ದ ಲೇತ್ ಕೆಲಸದ ಟರ್ನರ್ ಆಗ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಅವರೇ ಆಮೇಲೆ ಇಎನ್ 24 ಎಂಬ ಗಟ್ಟಿ ಉಕ್ಕಿನ ರಾಡಿನಿಂದ ಪಿನ್, ಗನ್‌ಮೆಟಲ್‌ನಿಂದ ಬುಷ್ ಮಾಡಿಕೊಟ್ಟರು, ಎರಡು ಥೌ (ಇಂಚಿನ ಸಾವಿರದ ಎರಡು ಭಾಗ) ಬಿಡುವು ಕೊಟ್ಟು. ಎಲ್ಲಾ ಸೇರಿ ಸುಮಾರು ಸಾವಿರದ ಎಂಟುನೂರು ಆಗಿರಬೇಕು. ಬುಷ್ ಒಳಗೆ ಗ್ರೀಸ್ ಹರಿಯುವ ಗೆರೆಯನ್ನು ಯಾವ ಆಕಾರದಲ್ಲಿ ಕೊರೆಸಿದೆ ಎಂಬುದು ಟರ್ನರ್ ಮತ್ತು ನನ್ನ ನಡುವೆಯೇ ಇರಲಿ, ಕಷ್ಟಪಟ್ಟು ಕಂಡುಕೊಂಡದ್ದು. ಬೆಲ್ ಕ್ರ್ಯಾಂಕ್ ಕೂರುವ ಅಡ್ಡಪಟ್ಟಿಯ ಬೋಲ್ಟ್ ತೂತುಗಳೂ ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ವೆಲ್ಡ್ ತುಂಬಿ ಮತ್ತೆ ಡ್ರಿಲ್ ಮಾಡಿಸಿದೆ. ಇದನ್ನು ಬಿಟ್ಟರೆ ಹೊಸ ಪಿನ್ನಿನ ದುಡ್ಡು ನೀರುಪಾಲು.

ಬೆಲ್ ಕ್ರ್ಯಾಂಕಿನಿಂದ ಗಾಲಿಗಳಿಗೆ ಹೋಗುವ ಟೈರಾಡ್‌ಗಳ ತುದಿಯ ಕೀಲುಗಳಾದ ಟೈರಾಡ್ ಎಂಡ್‌ಗಳ ವಿಷಯದಲ್ಲಿ ಎರಡು ಸಲ ದುಡ್ಡು ಹೋಯಿತು. ಸಾವಿರದ ಇನ್ನೂರಕ್ಕೆ ಸಿಕ್ಕ ನಕಲಿ ಸೆಟ್ ಒಂದು ಮಳೆಗಾಲ ದಾಟಲಿಲ್ಲ. ಒಳ್ಳೆಯ ಸೆಟ್‌ಗೆ ಮೂರು ಸಾವಿರದ ಹತ್ತಿರ ಬಿತ್ತು. ಪಿಟ್‌ಮನ್ ಆರ್ಮನ್ನು ಬೆಲ್ ಕ್ರ್ಯಾಂಕಿಗೆ ಜೋಡಿಸುವ ಡ್ರ್ಯಾಗ್ ಲಿಂಕಿನದು ಖರ್ಚಿಲ್ಲದ ಕೆಲಸ: ತುದಿಯ ಪ್ಲಗ್ ಪೂರ್ತಿ ಬಿಗಿದು ಅರ್ಧ ಸುತ್ತು ಬಿಟ್ಟು ಸ್ಪ್ಲಿಟ್ ಪಿನ್ ಹಾಕುವುದು.

ಮುಂದಿನ ಗಾಲಿ ಎಡ-ಬಲಕ್ಕೆ ತಿರುಗುವ ಕೀಲಾದ ಕಿಂಗ್ ಪಿನ್ನಿನ ಬೇರಿಂಗ್‌ಗಳಿಗೆ ಎರಡು ಸಾವಿರದ ನಾಲ್ಕುನೂರು ಆಯಿತು. ಶಿಮ್ (ತೆಳು ಲೋಹದ ಬಿಲ್ಲೆ) ತೆಗೆಯುವುದು ಎಷ್ಟು, ಇಡುವುದು ಎಷ್ಟು ಎಂಬುದಕ್ಕೆ ಅಂದಾಜು ನಡೆಯುವುದಿಲ್ಲ. ಬ್ಯಾಡಗಿ ಕಡೆಯ ವ್ಯಾಪಾರಿಯೊಬ್ಬರಿಂದ ಮೆಣಸಿನಕಾಯಿ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿ ತಂದು, ಟೈರಾಡ್ ಕಳಚಿ, ಗಾಲಿಯ ಕಡೆಯ ಆರ್ಮಿನ ತೂತಿಗೆ ಕೊಕ್ಕೆ ಹಾಕಿ ಎಳೆದೆ. ಎರಡೂ ಕಡೆ ಐದಾರು ಕಿಲೋಗೆ ತಿರುಗುವಂತೆ ಶಿಮ್ ಹೊಂದಿಸಿದೆ.

ನಡುವೆ ಇನ್ನೊಂದು ಆಸೆ ಹುಟ್ಟಿತು. ಆಕ್ಸಲ್ ಮತ್ತು ಸ್ಪ್ರಿಂಗ್ ಪಟ್ಟಿಯ ನಡುವೆ ಎರಡು ಡಿಗ್ರಿಯ ಕಬ್ಬಿಣದ ಬೆಣೆ ಸೇರಿಸಿ ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ ಹಿಂದಕ್ಕೆ ವಾಲಿದ ಕೋನ, ಹೆಚ್ಚಿಸಿದೆ. ಕಲಘಟಗಿ ರಸ್ತೆಯಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿತ್ತು, ದುರ್ಗದ ಬೈಲಿನ ಸಂದಿಯಲ್ಲಿ ತಿರುಗಿಸಲು ಮಾತ್ರ ತೋಳು ಬೀಳುತ್ತಿತ್ತು. ತೆಗೆದುಬಿಟ್ಟೆ. ಪಟ್ಟಿ ಬಹಳ ಕುಸಿದಿರುವವರು ಬೇಕಾದರೆ ಒಮ್ಮೆ ನೋಡಬಹುದು.

ಇಷ್ಟಾದ ಮೇಲೆ ಬಾಕ್ಸ್. ಡ್ರ್ಯಾಗ್ ಲಿಂಕ್ ಕಳಚಿಟ್ಟು, ಮೊದಲು ಕ್ಯಾಮಿನ ಉದ್ದದ ಪ್ಲೇಯನ್ನು ಶಿಮ್‌ನಿಂದ ತೆಗೆದೆ. ಆಮೇಲೆ ನೇರ ಸ್ಥಿತಿಯಲ್ಲಿ ಬೆರಳಿಗೆ ತುಸು ತಡೆ ಸಿಗುವಷ್ಟು ಸ್ಕ್ರೂ ತಿರುಗಿಸಿ, ತುದಿಯಿಂದ ತುದಿಗೆ ಎಲ್ಲೂ ಹಿಡಿಯುವುದಿಲ್ಲ ಎಂದು ಖಚಿತಪಡಿಸಿಕೊಂಡು ಲಾಕ್ ನಟ್ ಹಾಕಿದೆ. ಕಾಲು ಸುತ್ತೂ ಬೇಕಾಗಲಿಲ್ಲ. ಮುಂದಿನ ಗಾಲಿಗಳು ಮುಂಭಾಗದಲ್ಲಿ ತುಸು ಒಳಕ್ಕೆ ತಿರುಗಿರುವ ಅಳತೆ, ಟೋ-ಇನ್, ಹೊಂದಿಸಿದ್ದು ಸೀಮೆಸುಣ್ಣ ಮತ್ತು ದಾರದಿಂದಲೇ, ಒಂದೂವರೆ ಮಿಲಿಮೀಟರ್.

ಹಾಳಾದ ಸೆಟ್ ಸೇರಿ ಒಟ್ಟು ಹತ್ತು ಸಾವಿರ ದಾಟಿರಲಿಕ್ಕಿಲ್ಲ. ಪವರ್ ಸ್ಟೀರಿಂಗ್ ಸಲಹೆ ಕೊಟ್ಟಿದ್ದ ಗೆಳೆಯರು ಅಣ್ಣಿಗೇರಿಯವರೆಗೆ ಓಡಿಸಿ ನೋಡಿ, ಈಗ ಪಿನ್ನಿನ ಅಳತೆ ಕೇಳುತ್ತಿದ್ದಾರೆ. ಅಳತೆ ಕೊಟ್ಟಿದ್ದೇನೆ, ಗೆರೆಯ ಆಕಾರ ಕೊಟ್ಟಿಲ್ಲ. ಬಾಕ್ಸಿನ ಕೆಳಗಿನ ಸೀಲಿನಿಂದ ಎಣ್ಣೆ ಇನ್ನೂ ತೊಟ್ಟಿಕ್ಕುತ್ತಿದೆ. ಸದ್ಯಕ್ಕೆ 140ರ ಗೇರ್ ಎಣ್ಣೆಗೆ ಸ್ವಲ್ಪ ಗ್ರೀಸ್ ಬೆರೆಸಿ ತಡೆದಿದ್ದೇನೆ, ಮಳೆಗಾಲಕ್ಕೆ ಮುಂಚೆ ಸೀಲ್ ಬದಲಿಸಬೇಕು.