ಹಳೇ ಬ್ಲಾಕ್ ಗೋಡೆಗೆ ನಾನೇ ಪ್ಲಾಸ್ಟರ್ ಮಾಡಿದ್ದು: ಮೊದಲು ನೀರು, ಆಮೇಲೆ ಗಾರೆ

ಪ್ಲಾಸ್ಟರಿಂಗ್ ಅಂದ ಕೂಡಲೇ ಹೊಸಬರು ಕೇಳೋದು ಕರಣೆ ಹಿಡಿಯೋದು ಹೇಗೆ, ಗೋಡೆ ನುಣ್ಣಗೆ ಬರೋಕೆ ಏನು ಮಾಡಬೇಕು ಅಂತ. ನಮ್ಮ ಉಗ್ರಾಣದ ಕೋಣೆಯ ಗೋಡೆಗಳನ್ನು ನಾನೇ ಮಾಡಿ ಮುಗಿಸಿದ ಮೇಲೆ ನನಗೆ ಅನಿಸಿದ್ದು ಬೇರೆ. ಗೋಡೆ ಎಷ್ಟು ನೀರು ಕುಡಿಯುತ್ತೆ ಅನ್ನೋದು ಗೊತ್ತಾದರೆ ಅರ್ಧ ಕೆಲಸ ಬಂದ ಹಾಗೆ.

ಕೋಣೆಯದು ಸಿಮೆಂಟ್ ಬ್ಲಾಕ್ ಗೋಡೆ. ಹಳೇ ಗಾರೆ ಬಹುಪಾಲು ಕಳಚಿ ಬಿದ್ದು ಬ್ಲಾಕ್ ಬರಿದಾಗಿತ್ತು. ಉಳಿದಿದ್ದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದೆ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಉಳಿ ಇಟ್ಟು ಕೆತ್ತಿ ತೆಗೆದೆ. ಬ್ಲಾಕಿನ ಸಂದಿಗಳಲ್ಲಿ ಪುಡಿಪುಡಿಯಾಗಿದ್ದ ಗಾರೆಯನ್ನು ಸುಮಾರು 10 ಮಿ.ಮೀ. ಆಳದವರೆಗೆ ಕೆರೆದೆ. ಹೊಸ ಗಾರೆ ಅಲ್ಲಿ ಹೋಗಿ ಕಚ್ಚಿಕೊಳ್ಳುತ್ತೆ. ಕೆಳಗಡೆ ಬಿಳಿ ಉಪ್ಪು ಎದ್ದಿತ್ತು, ಅದನ್ನು ತಂತಿ ಬ್ರಷ್‌ನಿಂದ ಒಣಗಿದ್ದ ಹಾಗೇ ಉಜ್ಜಿ ತೆಗೀಬೇಕು, ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ. ಇನ್ನು ಉಪ್ಪು ಯಾಕೆ ಬಂತು ಅಂತಲೂ ನೋಡಬೇಕು. ಎಲ್ಲಿಂದಲೋ ನೀರು ಸೋರುತ್ತಿದ್ದರೆ ಅದನ್ನು ನಿಲ್ಲಿಸದೆ ಮೇಲೆ ಗಾರೆ ಹಾಕೋದು ದಂಡ.

ಬಾಗಿಲ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ ಒಂದು ಪರೀಕ್ಷೆ ಮಾಡಿದೆ. ಅಕ್ಕಪಕ್ಕದ ಎರಡು ಬ್ಲಾಕ್. ಒಂದಕ್ಕೆ ನೀರು ಚಿಮುಕಿಸಿದೆ, ಇನ್ನೊಂದನ್ನು ಒಣಗಿದ್ದ ಹಾಗೇ ಬಿಟ್ಟೆ, ಎರಡಕ್ಕೂ ಒಂದೇ ಬಾಣಲಿಯ ಗಾರೆ. ಒಣ ಬ್ಲಾಕಿನ ಮೇಲೆ ಗಾರೆಯ ಹೊಳಪು ನೋಡನೋಡುತ್ತಲೇ ಮಾಯವಾಯಿತು, ಅಂಚಿನಿಂದ ಬಣ್ಣ ತಿಳಿಯಾಗುತ್ತಾ ಬಂತು, ಮರದ ಹಲಗೆಯಿಂದ ಉಜ್ಜಿದರೆ ಮರಳು ಕಿತ್ತು ಬರುತ್ತಿತ್ತು. ಪಕ್ಕದ್ದು ಇನ್ನೂ ಮೆತ್ತಗಿತ್ತು, ಹಲಗೆ ಆಡಿಸಿದ ಹಾಗೆಲ್ಲ ಮಾತು ಕೇಳುತ್ತಿತ್ತು. ಸಿಮೆಂಟ್ ಗಟ್ಟಿಯಾಗೋಕೆ ನೀರು ಬೇಕು. ಒಣ ಬ್ಲಾಕ್ ಆ ನೀರನ್ನೇ ಎಳ್ಕೊಂಡರೆ ಗಾರೆಗೆ ಬಲ ಬರೋದೆಲ್ಲಿಂದ, ಅಲ್ವಾ?

ಹಾಗಂತ ಪೈಪ್ ಹಿಡಿದು ತೋಯಿಸಬಾರದು. ಸಿಮೆಂಟ್ ಬ್ಲಾಕ್ ಜಾಸ್ತಿ ನೀರು ಕುಡಿದು ಆಮೇಲೆ ಒಣಗುವಾಗ ಕುಗ್ಗುತ್ತೆ, ಬಿರುಕು ಬಿಡೋಕೆ ಅದೂ ಒಂದು ಕಾರಣ. ಹಿಂದಿನ ಸಂಜೆ ಒಂದು ಸಲ, ಗಾರೆ ಹಾಕೋಕೆ ಸ್ವಲ್ಪ ಮುಂಚೆ ಇನ್ನೊಂದು ಸಲ ಚಿಮುಕಿಸಿದರೆ ಸಾಕು. ಮುಟ್ಟಿದರೆ ತಣ್ಣಗಿರಬೇಕು, ನೀರು ಹರಿಯುತ್ತಿರಬಾರದು.

ನುಣುಪಾದ ಬ್ಲಾಕುಗಳಿಗೆ ಮೊದಲು ಒಂದು ಚಿಮುಕು ಪದರ ಕೊಟ್ಟೆ. ಒಂದು ಪಾಲು ಸಿಮೆಂಟ್, ಎರಡು ಪಾಲು ದಪ್ಪ ಮರಳು, ತೆಳ್ಳಗೆ ಕಲಸಿ ಕರಣೆಯಿಂದ ಗೋಡೆಗೆ ಎರಚೋದು. ಅದನ್ನು ಸವರಬಾರದು, ಒರಟಾಗೇ ಇರಲಿ. ಒಂದು ದಿನ ತೇವದಲ್ಲಿಟ್ಟು ಅಂಗೈಯಿಂದ ಉಜ್ಜಿ ನೋಡಿದೆ, ಉದುರಲಿಲ್ಲ. ಕಾಂಕ್ರೀಟ್ ಕಂಬ ಮತ್ತು ಬ್ಲಾಕ್ ಸೇರುವ ಕಡೆ ಕೋಳಿ ಜಾಲರಿ, ಅಂದರೆ ತೆಳು ತಂತಿಯ ಬಲೆ, ಹೊಡೆದೆ. ಎರಡೂ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗೋದರಿಂದ ಉದ್ದ ಬಿರುಕು ಬರೋದು ಅಲ್ಲೇ.

ಗಾರೆ ಕಲಸಿದ್ದು ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅಂತ ಎಲ್ಲರೂ ಹೇಳ್ತಾರೆ, ನಾನು ಒಪ್ಪಲ್ಲ. ಸಿಮೆಂಟ್ ಜಾಸ್ತಿಯಾದಷ್ಟೂ ಕುಗ್ಗೋದೂ ಜಾಸ್ತಿ, ಬಡಕಲು ಹಳೇ ಬ್ಲಾಕಿನಿಂದ ಅದು ಕಿತ್ತುಕೊಂಡು ಬರುತ್ತೆ. ಮರಳನ್ನು ಜರಡಿ ಹಿಡಿದೆ. ಗಾಜಿನ ಬಾಟಲಿಯಲ್ಲಿ ಮರಳು, ಉಪ್ಪುನೀರು ಹಾಕಿ ಕುಲುಕಿ ಇಟ್ಟು, ಮೇಲೆ ಕೂತ ಕೆಸರಿನ ಪದರ ಎಷ್ಟಿದೆ ಅಂತಲೂ ನೋಡಿದೆ. ಕೆಸರು ದಪ್ಪಗಿದ್ದರೆ ಆ ಮರಳು ಬೇಡ. ಇನ್ನೊಂದು ವಿಷಯ, ಹೊಸಬರು ಒಂದು ಸಲಕ್ಕೆ ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿಕೊಳ್ಳಿ. ಬಿಗಿಯಾದ ಗಾರೆಗೆ ಮತ್ತೆ ನೀರು ಹಾಕಿ ಕಲಸಬೇಡಿ.

ಗೋಡೆ ನೆಟ್ಟಗಿದೆಯಾ ಅಂತ ನೋಡೋಕೆ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಗೋಡೆಯ ಮೇಲೆ ಅಲ್ಲಲ್ಲಿ ಗಾರೆ ಉಂಡೆ, ಅದರ ಮೇಲೆ ಟೈಲ್ಸ್ ಚೂರು ಕೂರಿಸಿದೆ. ಇದೇ ದಪ್ಪದ ಗುರುತು. ಒಳಗಡೆ 12 ಮಿ.ಮೀ. ಸಾಕು. ತಗ್ಗಿದ್ದು 20 ಮಿ.ಮೀ. ದಾಟುವ ಕಡೆ ಎರಡು ಪದರದಲ್ಲಿ ತುಂಬಿಸಿದೆ, ಒಂದೇ ಸಲ ಮೆತ್ತಿದರೆ ಭಾರಕ್ಕೆ ಜಾರುತ್ತೆ. ಗಾರೆಯನ್ನು ಸವರೋದಲ್ಲ, ಮಣಿಕಟ್ಟು ತಿರುಗಿಸಿ ಗೋಡೆಗೆ ಬೀಸಿ ಹೊಡೀಬೇಕು. ಪಟ್ ಅಂತ ಕೂತರೆ ಹಿಂದೆ ಗಾಳಿ ಉಳಿಯಲ್ಲ. ಆಮೇಲೆ ಅಲ್ಯೂಮಿನಿಯಂ ಪಟ್ಟಿಯನ್ನು ಅಡ್ಡಡ್ಡ ಆಡಿಸುತ್ತಾ ಕೆಳಗಿಂದ ಮೇಲಕ್ಕೆ ಎಳೆದು ಮಟ್ಟ ಮಾಡಿದೆ.

ಮರದ ಹಲಗೆ ಹಿಡಿಯೋಕೆ ಮುಂಚೆ ಸುಮ್ನೆ ಕಾಯಬೇಕು. ಹೆಬ್ಬೆರಳು ಒತ್ತಿದಾಗ ಸಣ್ಣ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಆಗ ವೃತ್ತಾಕಾರವಾಗಿ ಉಜ್ಜಿದರೆ ಸರಿಯಾಗಿ ಕೂರುತ್ತೆ. ನುಣುಪಿನ ಆಸೆಗೆ ಉಕ್ಕಿನ ಕರಣೆಯಿಂದ ತಿಕ್ಕುತ್ತಲೇ ಇದ್ದರೆ ಸಿಮೆಂಟ್ ಹಾಲೆಲ್ಲ ಮೇಲೆ ಬಂದು, ಒಣಗಿದಾಗ ಜೇಡರ ಬಲೆ ಥರ ಸಣ್ಣ ಬಿರುಕು. ಕೈಗವಸು ಮಾತ್ರ ಬಿಡಬೇಡಿ, ಹಸಿ ಸಿಮೆಂಟ್ ಚರ್ಮ ಸುಡುತ್ತೆ.

ಮಾರನೇ ದಿನದಿಂದ ಏಳು ದಿನ ನೀರು ಚಿಮುಕಿಸಿದೆ, ಕಿಟಕಿ ಮುಚ್ಚಿಟ್ಟೆ, ಫ್ಯಾನ್ ಹಾಕಲಿಲ್ಲ. ಆಮೇಲೆ ಇಡೀ ಗೋಡೆ ತಟ್ಟಿ ನೋಡಿದೆ. ಎಲ್ಲ ಕಡೆ ಗಟ್ಟಿ ಸದ್ದೇ ಬಂತು. ಬಣ್ಣಕ್ಕೆ ಇನ್ನೂ ಮೂರು ವಾರ ಬಿಟ್ಟಿದ್ದೇನೆ, ಒಳಗಿನ ತೇವ ಅಷ್ಟರಲ್ಲಿ ಹೊರಗೆ ಬರಲಿ ಅಂತ.