ದೇವರನ್ನು ಬಿಟ್ಟ ಮೇಲೆ ಬೆಳಿಗ್ಗೆ ಏನು ಮಾಡೋದು?

ನಂಬಿಕೆ ಹೋಯಿತು ಅನ್ನಿಸಿದ ದಿನವೇ ಊರಿಗೆಲ್ಲ ಡಂಗುರ ಸಾರಬೇಡಿ. ಸುಮ್ನೆ ವಾದದಲ್ಲೇ ವರ್ಷ ಕಳೆಯುತ್ತದೆ. ಮೊದಲು ಒಂದು ಲೆಕ್ಕ ಹಾಕಿ: ದಿನದಲ್ಲಿ ಯಾವ್ಯಾವ ಹೊತ್ತಿಗೆ ನಿಮಗೆ ದೇವರು ಬೇಕಾಗುತ್ತಿದ್ದ? ದೇವರು ಹೋದರೂ ಆ ಹೊತ್ತು ದಿನಾ ಬರುತ್ತದೆ.

ನನ್ನದು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆ ಗೊಬ್ಬರ, ಬೀಜದ ಅಂಗಡಿ. ಲಿಂಗಾಯತರ ಮನೆ. ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೋಡುತ್ತ ಕೂತರೆ ಮನೆಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಸಾಲದವರ ಫೋನೂ ಇಲ್ಲ, ಮಕ್ಕಳ ಗಲಾಟೆಯೂ ಇಲ್ಲ. ಪೂಜೆ ಬಿಟ್ಟಾಗ ಕಳಕೊಂಡೆ ಅನ್ನಿಸಿದ್ದು ಅದನ್ನೇ. ಈಗ ಅದೇ ಹೊತ್ತಿಗೆ ತುಂಗಭದ್ರಾ ಎಡದಂಡೆ ಕಾಲುವೆ ಮೇಲೆ ನಡೆಯುತ್ತೇನೆ. ಫೋನ್ ಮನೆಯಲ್ಲೇ ಇರುತ್ತದೆ. ನಿಮ್ಮದು ನಮಾಜೋ, ಜಪವೋ, ಏನೇ ಆಗಿರಲಿ, ಆ ಹೊತ್ತನ್ನು ಬಿಟ್ಟುಕೊಡಬೇಡಿ.

"ಯಾಕಪಾ, ಕೊರಳು ಬರಿದಾಗೈತಿ?" ಅಂತ ಅವ್ವ ಕೇಳಿಯೇ ಕೇಳುತ್ತಾಳೆ. ಆಗ ಸುಳ್ಳೂ ಬೇಡ, ಭಾಷಣವೂ ಬೇಡ. "ನನಗ ನಂಬಿಕಿ ಉಳಿದಿಲ್ಲ ಯವ್ವಾ. ಆದ್ರ ನಿನ್ನ ಪೂಜಿಗೆ ಹೂವು ತರೋದು ಬಿಡಂಗಿಲ್ಲ" ಎಂದೆ. ಅವ್ವನ ಮುಖ ಸಡಿಲಾಗಿದ್ದು ಎರಡನೇ ಮಾತಿಗೆ. ಅಪ್ಪನ ದುಡ್ಡಿನಲ್ಲಿ ಓದುತ್ತಿರುವವರು, ಮನೆಯಲ್ಲಿ ಹೊಡೆತದ ಭಯ ಇರುವವರು ಸ್ವಂತ ದುಡಿಮೆ ಶುರುವಾಗುವ ತನಕ ಬಾಯಿ ಬಿಡದಿದ್ದರೂ ತಪ್ಪಿಲ್ಲ. ಸಂವಿಧಾನದ 25ನೇ ವಿಧಿಯಲ್ಲಿ ಅಂತಃಸಾಕ್ಷಿಯ ಸ್ವಾತಂತ್ರ್ಯ ಇದೆ, ಸರಿ. ರಾತ್ರಿ ಊಟ ಬಡಿಸೋದು ಸಂವಿಧಾನ ಅಲ್ವಲ್ಲ!

ಹಬ್ಬಗಳನ್ನು ಒಂದೇ ಏಟಿಗೆ ಬಿಡಬೇಡಿ, ಒಂದೊಂದಾಗಿ ಜರಡಿ ಹಿಡಿಯಿರಿ. ಎಳ್ಳಮವಾಸ್ಯೆಗೆ ನಾನು ಹೊಲಕ್ಕೆ ಹೋಗುತ್ತೇನೆ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಅಣ್ಣ ಚರಗ ಚೆಲ್ಲುತ್ತಾನೆ, ಅಂದರೆ ಭೂತಾಯಿಗೆ ಅಂತ ಎಡೆಯನ್ನು ಹೊಲದ ತುಂಬ ಎರಚುತ್ತಾನೆ, ನಾನು ಬುತ್ತಿ ಬಿಚ್ಚುತ್ತೇನೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಾದರೆ ದಾಸೋಹದಲ್ಲಿ ಬಡಿಸಬಹುದು. ತಾಟು ಹಿಡಿದು ನಿಂತವರು ನಿಮ್ಮ ನಂಬಿಕೆ ಏನು ಅಂತ ಕೇಳಲ್ಲ. ಅಲ್ಲೇ ಗುಡ್ಡದ ಬಂಡೆ ಮೇಲೆ ಅಶೋಕನ ಶಾಸನ ಇದೆ, 2,200 ವರ್ಷಕ್ಕೂ ಹಳೆಯದು. ಜಾತ್ರೆಗೆ ಬರುವ ಎಷ್ಟೋ ಜನ ಅದನ್ನು ನೋಡದೇ ವಾಪಸ್ ಹೋಗುತ್ತಾರೆ, ನೀವಾದರೂ ನೋಡಿ. ಹರಕೆ, ಭವಿಷ್ಯ, ಮುಹೂರ್ತ ಮಾತ್ರ ಪೂರ್ತಿ ಬಿಟ್ಟೆ. ರಾಹುಕಾಲದಲ್ಲಿ ಯೂರಿಯಾ ಲಾರಿ ಬಂದರೂ ಮಾಲು ಇಳಿಸಿಕೊಳ್ಳುತ್ತೇನೆ.

ಜಾಸ್ತಿ ಕಷ್ಟ ಆಸ್ಪತ್ರೆಯಲ್ಲಿ. ಒಳಗೆ ನಮ್ಮವರು ಮಲಗಿರುವಾಗ ಹುಲಿಗೆಮ್ಮನಿಗೆ ಹರಕೆ ಹೊತ್ತರೆ ಏನೋ ಮಾಡಿದೆ ಅನ್ನಿಸುತ್ತದೆ, ಅಲ್ವಾ? ಹಾಗಾಗಿ ಕೈಗೆ ಬೇರೆ ಕೆಲಸ ಕೊಡಿ. ಔಷಧಿ ಸಾಲಿನಲ್ಲಿ ನಿಲ್ಲಿ, ಪಕ್ಕದ ಹಾಸಿಗೆಯ ಅಜ್ಜಿಗೂ ಚಹಾ ತನ್ನಿ. 18 ದಾಟಿ, ತೂಕ 45 ಕೆಜಿ ಇದ್ದು ಆರೋಗ್ಯವಾಗಿದ್ದರೆ ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.

ಸತ್ತ ಮೇಲಿನ ಮಾತನ್ನೂ ಬದುಕಿರುವಾಗಲೇ ಆಡಿಬಿಡಿ. ನಮ್ಮಲ್ಲಿ ಸತ್ತವರನ್ನು ಕೂತ ಭಂಗಿಯಲ್ಲಿ ಹೂಳುತ್ತಾರೆ. ನನಗೆ ದೇಹ ಮೆಡಿಕಲ್ ಕಾಲೇಜಿಗೆ ಹೋಗಲಿ ಅಂತ ಆಸೆ. ಕಣ್ಣು ದಾನ ಮಾಡೋದಾದರೆ ಸತ್ತ ಆರು ತಾಸಿನೊಳಗೆ ತೆಗೆಯಬೇಕು. ಬರೀ ಫಾರಂ ತುಂಬಿಟ್ಟರೆ ಆಗಲಿಲ್ಲ, ಫೋನ್ ಮಾಡಬೇಕಾದವರು ಮನೆಯವರು. ಅವರು ಒಪ್ಪದಿದ್ದರೆ ನಿಮ್ಮ ಸಹಿ ಕಪಾಟಿನಲ್ಲೇ ಉಳಿಯುತ್ತದೆ. ಅದಕ್ಕೇ ಅಣ್ಣನ ಕೈಯಲ್ಲೇ ಸಾಕ್ಷಿ ಹಾಕಿಸಿದ್ದೇನೆ. ಆಸ್ಪತ್ರೆಯ ನಂಬರನ್ನೂ ಅವನ ಫೋನಿನಲ್ಲಿ ಸೇವ್ ಮಾಡಿ ಕೊಟ್ಟಿದ್ದೇನೆ.