ನರೇಗಾದಲ್ಲಿ 60 ದಾಟಿದವರ ಪ್ರಗತಿ ವರದಿ: ಪಂಚಾಯಿತಿ ಸಿಬ್ಬಂದಿಗೊಂದು ಕೈಪಿಡಿ

ತಾಲ್ಲೂಕು ಪಂಚಾಯಿತಿಯಿಂದ ಹಿರಿಯ ಕೂಲಿಕಾರರ ವರದಿ ಕೇಳಿ ಫೋನ್ ಬಂದರೆ, ತಂತ್ರಾಂಶದಿಂದ ಪಟ್ಟಿ ತೆಗೆದು ಕಳಿಸಲು ಹತ್ತು ನಿಮಿಷ ಸಾಕು. ಆದರೆ ಆ ಪಟ್ಟಿ ನಿಜ ಹೇಳಬೇಕಾದರೆ ಉದ್ಯೋಗ ಚೀಟಿಯಲ್ಲಿ ವಯಸ್ಸು, ಎನ್‌ಎಂಆರ್‌ನಲ್ಲಿ (ಹಾಜರಿ ಪಟ್ಟಿ) ಹಾಜರಿ, ಎಂ-ಬುಕ್‌ನಲ್ಲಿ (ಅಳತೆ ಪುಸ್ತಕ) ಹಿರಿಯರಿಗಿರುವ ಕೆಲಸದ ರಿಯಾಯಿತಿ ಮೊದಲೇ ಸರಿಯಾಗಿ ದಾಖಲಾಗಿರಬೇಕು. ಎಂ-ಬುಕ್‌ನಲ್ಲಿ ತಪ್ಪಿದರೆ ವರದಿ ಕೆಡುವುದು ಮಾತ್ರವಲ್ಲ, ದುಡಿದವರ ಕೂಲಿಯೂ ಕಡಿಮೆಯಾಗುತ್ತದೆ. ಹಾಗಾಗಿ ಹೆಚ್ಚು ಗಮನ ಅಲ್ಲಿಗೇ ಕೊಡಿ.

ಮೊದಲು ವಯಸ್ಸು. ನರೇಗಾದಲ್ಲಿ 18 ತುಂಬಿರಬೇಕು ಎಂಬುದಿದೆಯೇ ಹೊರತು ಇಷ್ಟು ವಯಸ್ಸಾದ ಮೇಲೆ ಕೆಲಸವಿಲ್ಲ ಎಂಬುದಿಲ್ಲ. ‘ವಯಸ್ಸಾಯಿತು’ ಎಂಬ ಕಾರಣಕ್ಕೆ ಹೆಸರು ತೆಗೆಯುವಂತಿಲ್ಲ. ಗೊಂದಲವಾಗುವುದು 60 ಮತ್ತು 65ರ ನಡುವೆ. ಕೆಲಸದ ಪ್ರಮಾಣದಲ್ಲಿ ಶೇ. 50 ರಿಯಾಯಿತಿ ನಮ್ಮ ರಾಜ್ಯದಲ್ಲಿ 60 ದಾಟಿದವರಿಗೆ ಸಿಗುತ್ತದೆ. ವಿಶೇಷ ವರ್ಗವೆಂದು ಬೇರೆ ಬಣ್ಣದ ಉದ್ಯೋಗ ಚೀಟಿ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುವುದು 65 ದಾಟಿದ ಹಿರಿಯರಿಗೆ. ತಂತ್ರಾಂಶದ ವಯೋವಾರು ಪಟ್ಟಿಯ ಗುಂಪುಗಳೋ 51–60, 61–80, 80 ಮೇಲ್ಪಟ್ಟು ಎಂದಿರುತ್ತವೆ. ರಿಯಾಯಿತಿ, ವಿಶೇಷ ಚೀಟಿ, ವಯೋವಾರು ಪಟ್ಟಿ ಮೂರಕ್ಕೂ ಒಂದೇ ಸಂಖ್ಯೆ ಬರೆದರೆ ಎಲ್ಲೋ ಒಂದು ಕಡೆ ತಪ್ಪಿದೆ ಎಂದೇ ಅರ್ಥ. ವರದಿಯ ತಲೆಬರಹದಲ್ಲೇ ಯಾವ ವಯಸ್ಸಿನಿಂದ ಲೆಕ್ಕ ಹಿಡಿದಿದ್ದೀರಿ ಎಂದು ಬರೆಯಿರಿ.

ಚೀಟಿಯ ಮೇಲೆ ಮುದ್ರಿಸಿರುವುದು ಚೀಟಿ ಮಾಡಿಸಿದ ದಿನದ ವಯಸ್ಸು. ಆಗ 57 ಇದ್ದವರು ಈಗ 60 ದಾಟಿರಬಹುದು. ಆರ್ಥಿಕ ವರ್ಷ ಶುರುವಾಗುವ ಮುನ್ನ, ಮಾರ್ಚ್‌ನಲ್ಲೇ ಗ್ರಾಮ ಕಾಯಕ ಮಿತ್ರರಿಂದ (ಪಂಚಾಯಿತಿಯಲ್ಲಿ ನರೇಗಾ ಕೆಲಸಕ್ಕೆ ನೆರವಾಗುವವರು) ಊರುವಾರು ಪಟ್ಟಿ ಮಾಡಿಸಿ, ಆಧಾರ್‌ನ ಹುಟ್ಟಿದ ವರ್ಷದೊಂದಿಗೆ ತಾಳೆ ನೋಡಿ. ವರ್ಷದ ನಡುವೆ 60 ತುಂಬುವವರ ಹೆಸರಿನ ಮುಂದೆ ತಿಂಗಳು ಬರೆದಿಡಿ.

ಇನ್ನು ಬೇಡಿಕೆ. ಅಜ್ಜಿಯೊಬ್ಬರು ಪಂಚಾಯಿತಿ ಬಾಗಿಲಲ್ಲಿ ನಿಂತು ‘ಏನಾದ್ರೂ ಕೆಲ್ಸ ಇದ್ರೆ ಹೇಳಪ್ಪಾ’ ಅಂದು ಹೋದರೆ ಅದು ಎಲ್ಲೂ ದಾಖಲಾಗುವುದಿಲ್ಲ. ವರದಿಯಲ್ಲಿ ‘ಬೇಡಿಕೆಯಿಟ್ಟು ಕೆಲಸ ಸಿಗದವರು: 0’ ಎಂದು ಬರುತ್ತದೆ. ಕೆಲಸ ಕೇಳುವ ಅರ್ಜಿಯಾದ ನಮೂನೆ-6 ತುಂಬಿಸಿ, ಬರೆಯಲು ಬಾರದವರಿಗೆ ಕಾಯಕ ಬಂಧು (ಕೂಲಿಕಾರರ ಗುಂಪಿನ ಮುಂದಾಳು) ತುಂಬಿಕೊಟ್ಟು, ದಿನಾಂಕವಿರುವ ಸ್ವೀಕೃತಿಯನ್ನು ಅವರ ಕೈಗೇ ಕೊಡಿ. ಅಲ್ಲಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಅವರ ಹಕ್ಕು. ಸ್ವೀಕೃತಿಯೇ ಇಲ್ಲದಿದ್ದರೆ ಆ ಹಕ್ಕನ್ನು ಕೇಳುವ ದಾರಿಯೂ ಇಲ್ಲ.

ಹಾಜರಿಗೆ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಫೋಟೋ ಬೇಕು, ನಡುವೆ ನಾಲ್ಕು ಗಂಟೆ ಅಂತರ. ಸಕಲೇಶಪುರ, ಆಲೂರಿನ ಮಲೆನಾಡು ಭಾಗದಲ್ಲಿ ನೆಟ್‌ವರ್ಕ್ ಸಿಗದ ಕಡೆ ಎನ್‌ಎಂಆರ್ ಅನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ, ಫೋಟೋ ತೆಗೆದು, ಸಿಗ್ನಲ್ ಬಂದಾಗ ಅಪ್‌ಲೋಡ್ ಮಾಡಬಹುದು. ಎರಡನೇ ಫೋಟೋ ಹೊತ್ತಿಗೆ ವಯಸ್ಸಾದವರು ನೆರಳಿನಲ್ಲಿ ಕೂತಿರಬಹುದು. ಅವರನ್ನೂ ಕರೆದು ನಿಲ್ಲಿಸಿಯೇ ಫೋಟೋ ತೆಗೆಯಿರಿ. ತಾಂತ್ರಿಕ ದೋಷದಿಂದ ಹಾಜರಿ ಹೋಗದಿದ್ದರೆ ಅದೇ ದಿನ ಲಿಖಿತವಾಗಿ ಮೇಲಕ್ಕೆ ತಿಳಿಸಿ. ವಾರ ಕಳೆದ ಮೇಲೆ ಬರೆದ ಪತ್ರಕ್ಕೆ ಬೆಲೆ ಸಿಗುವುದು ಕಷ್ಟ.

ಈಗ ಅಳತೆ. 60 ದಾಟಿದವರು ಅರ್ಧ ಪ್ರಮಾಣದ ಕೆಲಸ ಮಾಡಿದರೂ ಪೂರ್ತಿ ಕೂಲಿ, ಅಂದರೆ 2025–26ರ ದರದಲ್ಲಿ 370 ರೂಪಾಯಿ ಸಿಗಬೇಕು. ಗುಂಪಿನ ಅಳತೆಯಲ್ಲಿ ಇದು ಹೇಗೆ ತಪ್ಪುತ್ತದೆ ನೋಡಿ. ಹತ್ತು ಜನರ ಗುಂಪು, ಅದರಲ್ಲಿ ನಾಲ್ವರು ಹಿರಿಯರು, ಆರು ದಿನದ ಕೆಲಸ. ಲೆಕ್ಕಕ್ಕೆಂದು ಒಬ್ಬರಿಗೆ ದಿನಕ್ಕೆ 2 ಘನ ಮೀಟರ್ ಅಗೆತ ಎಂದಿಟ್ಟುಕೊಳ್ಳೋಣ. ರಿಯಾಯಿತಿ ಹಿಡಿದರೆ ಆರು ಜನರ 36 ಮಾನವ ದಿನಕ್ಕೆ 72, ಹಿರಿಯರ 24 ಮಾನವ ದಿನಕ್ಕೆ 24, ಒಟ್ಟು 96 ಘನ ಮೀಟರ್. ಗುಂಪು ಅಷ್ಟನ್ನೂ ಅಗೆದಿದೆ. ಆದರೆ ಎಂ-ಬುಕ್‌ನಲ್ಲಿ ಹಿರಿಯರ ವಿಷಯ ಬರೆಯದೇ ಹೋದರೆ ನಿರೀಕ್ಷೆ 120 ಆಗುತ್ತದೆ. 96 ಎಂದರೆ ಶೇ. 80. ಹತ್ತೂ ಜನರಿಗೆ 370ರ ಬದಲು 296 ರೂಪಾಯಿ ಬೀಳುತ್ತದೆ. ಮುಂದಿನ ವಾರ ಗುಂಪಿನ ಹರೆಯದವರು ‘ಅಜ್ಜನ್ನ ನಮ್ ಗುಂಪಿಗೆ ಹಾಕ್ಬೇಡಿ’ ಎನ್ನುತ್ತಾರೆ. ಹಿರಿಯರನ್ನು ಕೆಲಸದಿಂದ ಹೊರಗಿಡುವುದು ಎಷ್ಟೋ ಸಲ ಈ ಬಿಟ್ಟುಹೋದ ಒಂದು ಸಾಲೇ.

ಆದ್ದರಿಂದ ಅಳತೆಗೆ ಬರುವ ತಾಂತ್ರಿಕ ಸಹಾಯಕರ ಕೈಗೆ ಎನ್‌ಎಂಆರ್ ಜೊತೆ ಹಿರಿಯರ ಹೆಸರು, ಉದ್ಯೋಗ ಚೀಟಿ ಸಂಖ್ಯೆ, ವಯಸ್ಸು, ಹಾಜರಾದ ದಿನಗಳಿರುವ ಒಂದು ಹಾಳೆ ಕೊಡಿ. ಎಂ-ಬುಕ್‌ನಲ್ಲಿ ಅಳತೆಯ ಕೆಳಗೇ ‘60 ಮೇಲ್ಪಟ್ಟವರು 4, ಮಾನವ ದಿನ 24, ರಿಯಾಯಿತಿ ಶೇ. 50’ ಎಂದು ಬರೆಸಿ ಸಹಿ ಹಾಕಿಸಿ. ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳಲು ಹಿರಿಯರೊಬ್ಬರನ್ನು ನೇಮಿಸಿದ್ದರೆ ಅವರ ದಿನಗಳು ಅಳತೆಗೆ ಸೇರುವುದಿಲ್ಲ, ಪ್ರತ್ಯೇಕ ದಾಖಲಿಸಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಗಟ್ಟಿಮುಟ್ಟಾದವರು ತೋಟಕ್ಕೆ ಹೋಗಿ ಗುಂಪಿನಲ್ಲಿ ಹಿರಿಯರೇ ಹೆಚ್ಚಾದರೆ ಒಟ್ಟು ಅಳತೆ ಇಳಿಯುತ್ತದೆ. ವರದಿಯ ಷರಾ ಕಲಂನಲ್ಲಿ ಆ ಕಾರಣ ಬರೆಯದಿದ್ದರೆ ಮೇಲಿನವರಿಗೆ ಅದು ಕಳಪೆ ಪ್ರಗತಿಯಂತೆ ಕಾಣುತ್ತದೆ.

ಅಂಕಿ ಕೂಡಿಸುವಾಗ ಎರಡು ಎಚ್ಚರಿಕೆ. ಮಾನವ ದಿನಗಳನ್ನು ತಿಂಗಳಿಂದ ತಿಂಗಳಿಗೆ ಕೂಡಬಹುದು, ಜನರನ್ನು ಕೂಡುವಂತಿಲ್ಲ. ಏಪ್ರಿಲ್‌ನಲ್ಲೂ ಜೂನ್‌ನಲ್ಲೂ ದುಡಿದವರು ವರ್ಷದ ಲೆಕ್ಕದಲ್ಲಿ ಒಬ್ಬರೇ. ಇನ್ನೊಂದು, 100 ದಿನ ಕುಟುಂಬಕ್ಕೆ, ವ್ಯಕ್ತಿಗಲ್ಲ. ಮಗ-ಸೊಸೆ 90 ದಿನ ಮಾಡಿದ್ದರೆ ಅದೇ ಚೀಟಿಯಲ್ಲಿರುವ ತಾಯಿಗೆ ಉಳಿಯುವುದು ಹತ್ತೇ. ಬೇರೆ ಒಲೆ ಹೂಡಿ ಬದುಕುವ ಹಿರಿಯರಿಗೆ ಪ್ರತ್ಯೇಕ ಚೀಟಿ ಇದೆಯೇ ಎಂದು ನೋಡುವುದೂ ವರದಿಯ ಭಾಗವೇ. 2025ರ ಡಿಸೆಂಬರ್‌ನಲ್ಲಿ ನರೇಗಾ ಬದಲಿಗೆ ಸಂಸತ್ತು ಒಪ್ಪಿದ ಹೊಸ ಕಾಯ್ದೆಯಲ್ಲಿ 125 ದಿನವಾದರೂ ಅದೂ ಕುಟುಂಬದ ಲೆಕ್ಕವೇ.

ಪಾವತಿಯ ಕಲಂ ಕೊನೆಯದು. ಎನ್‌ಎಂಆರ್ ಮುಗಿದ 15 ದಿನದೊಳಗೆ ಕೂಲಿ ಜಮೆಯಾಗಬೇಕು; ತಡವಾದರೆ 16ನೇ ದಿನದಿಂದ ದಿನಕ್ಕೆ ಶೇ. 0.05 ಪರಿಹಾರ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಎನ್‌ಪಿಸಿಐಗೆ (ರಾಷ್ಟ್ರೀಯ ಪಾವತಿ ನಿಗಮ) ಕೊನೆಯದಾಗಿ ಜೋಡಿಸಿದ ಖಾತೆಗೆ. ಹಿರಿಯರು ಪಿಂಚಣಿ ಬರುವ ಪಾಸ್‌ಬುಕ್ ನೋಡಿ ‘ದುಡ್ಡು ಬಂದಿಲ್ಲ’ ಎನ್ನುತ್ತಿರುತ್ತಾರೆ, ಹಣ ಇನ್ನೊಂದು ಬ್ಯಾಂಕಿನಲ್ಲಿರುತ್ತದೆ. ‘ಪಾವತಿಯಾಗಿದೆ’ ಎಂದು ವರದಿ ಮಾಡುವ ಮುನ್ನ ಯಾವ ಬ್ಯಾಂಕಿಗೆ ಹೋಗಿದೆ ಎಂದು ಅವರಿಗೆ ತಿಳಿಸಿ. ಎಫ್‌ಟಿಒ (ಹಣ ವರ್ಗಾವಣೆ ಆದೇಶ) ತಿರಸ್ಕೃತವಾಗಿದ್ದರೆ ಕಾರಣಸಮೇತ ಬೇರೆ ಪಟ್ಟಿ ಮಾಡಿ, ಬಾಕಿ ಎಂದೇ ತೋರಿಸಿ.

ಹಿರಿಯರ ಹಾಳೆ, ನಮೂನೆ-6ರ ಸ್ವೀಕೃತಿ, ಎಂ-ಬುಕ್ ಪುಟದ ಪ್ರತಿಗಳನ್ನು ಕಾಮಗಾರಿ ಕಡತದಲ್ಲೇ ಇಡಿ. ಆರು ತಿಂಗಳಿಗೊಮ್ಮೆ ನಡೆಯುವ ಸಾಮಾಜಿಕ ಪರಿಶೋಧನೆಯವರು ಮನೆಗೆ ಹೋಗಿ ಕೇಳುವ ದಿನಗಳೂ ಈ ಕಡತದ ದಿನಗಳೂ ಒಂದೇ ಆಗಿರಬೇಕು.